ಪಿಷ್ಟದ ಫೋಮ್ ಮತ್ತು ಹೊಲದ ತ್ಯಾಜ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಥರ್ಮಾಕೋಲ್‌ಗೆ ಬದಲಾಗಿ ಪಿಷ್ಟ ಮತ್ತು ಕೃಷಿ ತ್ಯಾಜ್ಯದಿಂದ ಹಗುರವಾದ ಫೋಮ್ ಮಾಡುವ ಬಗ್ಗೆ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಮೊದಲ ಭಾಗ ಹೊಸಬರಿಗೆ, ಕೊನೆಯ ಭಾಗ ಈಗಾಗಲೇ ಅಚ್ಚಿನ ಮುಂದೆ ನಿಂತವರಿಗೆ. ಯಾವ ಉತ್ತರ ಓದಿದರೂ ಒಂದು ಸಂಗತಿ ನೆನಪಿರಲಿ: ಈ ಫೋಮನ್ನು ಉಬ್ಬಿಸುವುದೂ ನೀರು, ಕೆಡಿಸುವುದೂ ನೀರು. ಇಲ್ಲಿ ಹೇಳುವ ಕಷ್ಟಸುಖವೆಲ್ಲ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತದೆ.

## ಮೊದಲ ಪರಿಚಯ

ಮೆಕ್ಕೆಜೋಳದಿಂದ ಥರ್ಮಾಕೋಲ್ ಮಾಡ್ತಾರಂತೆ, ನಿಜಾನಾ?

ಥರ್ಮಾಕೋಲ್ ಅಲ್ಲ. ಅದು ಮಾಡುವ ಕೆಲಸಗಳಲ್ಲಿ ಕೆಲವನ್ನು ಮಾಡಬಲ್ಲ ಬೇರೊಂದು ಫೋಮ್. ನಾವು ಥರ್ಮಾಕೋಲ್ ಎನ್ನುವುದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಊದಿಸಿ ಮಾಡಿದ ವಸ್ತು. ಅದರ ಗಾತ್ರದಲ್ಲಿ ಶೇ 95ಕ್ಕೂ ಹೆಚ್ಚು ಭಾಗ ಬರೀ ಗಾಳಿ. ಪಿಷ್ಟದ ಫೋಮ್‌ನಲ್ಲೂ ಒಳಗೆ ಗಾಳಿಗೂಡುಗಳೇ ಇರುತ್ತವೆ, ಆದರೆ ಗೂಡಿನ ಗೋಡೆ ಮೆಕ್ಕೆಜೋಳ, ಮರಗೆಣಸು ಅಥವಾ ಆಲೂಗಡ್ಡೆಯಿಂದ ತೆಗೆದ ಪಿಷ್ಟದ್ದು.

ಇದು ಪ್ರಯೋಗಾಲಯದಲ್ಲೇ ಉಳಿದ ವಿಚಾರವಲ್ಲ. 1990ರ ಸುಮಾರಿಗೇ ಅಮೆರಿಕದಲ್ಲಿ ಪಾರ್ಸೆಲ್ ಪೆಟ್ಟಿಗೆಯ ಸಂದು ತುಂಬುವ ಪಿಷ್ಟದ ತುಣುಕುಗಳು ಮಾರಾಟಕ್ಕೆ ಬಂದವು. ವಿದೇಶದಿಂದ ಬಂದ ಪಾರ್ಸೆಲ್‌ನಲ್ಲಿ ಅಂಥ ತುಣುಕು ಸಿಕ್ಕರೆ ಬಟ್ಟಲು ನೀರಿಗೆ ಹಾಕಿ ನೋಡಿ, ಪಿಷ್ಟದ್ದಾದರೆ ಕರಗುತ್ತದೆ. ನೆದರ್ಲೆಂಡ್ಸ್‌ನ ಪೇಪರ್‌ಫೋಮ್ ಎಂಬ ಕಂಪನಿ ಆಲೂಗಡ್ಡೆ ಪಿಷ್ಟಕ್ಕೆ ನಾರು ಸೇರಿಸಿ ಎಲೆಕ್ಟ್ರಾನಿಕ್ ಸಾಮಾನುಗಳ ಪ್ಯಾಕಿಂಗ್ ಮಾಡುತ್ತದೆ.

ಹಿಟ್ಟು ಉಬ್ಬೋದು ಹೇಗೆ? ಸೋಡಾ ಹಾಕಬೇಕಾ?

ಸೋಡಾ ಬೇಕಿಲ್ಲ. ಸಬ್ಬಕ್ಕಿ ಸಂಡಿಗೆ ಕಾದ ಎಣ್ಣೆಗೆ ಬಿದ್ದ ಕ್ಷಣ ಅರಳುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ನೀರಿನ ಜೊತೆ ಬಿಸಿಯಾದ ಪಿಷ್ಟದ ಕಣ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಊದಿ, ಒಡೆದು, ಗಂಜಿಯಾಗುತ್ತದೆ. ಬಿಸಿ 100 ಡಿಗ್ರಿ ದಾಟಿದರೆ ಆ ಗಂಜಿಯೊಳಗಿನ ನೀರು ಹಬೆಯಾಗುತ್ತದೆ. ಒಂದು ಮಿಲಿಲೀಟರ್ ನೀರು ಹಬೆಯಾದರೆ ಅದಕ್ಕೆ ಸುಮಾರು 1,600 ಮಿಲಿಲೀಟರ್ ಜಾಗ ಬೇಕು. ಅಂಟಾದ ಗಂಜಿ ಹಬೆಯನ್ನು ಸುಲಭಕ್ಕೆ ಬಿಟ್ಟುಕೊಡದೆ ಗುಳ್ಳೆಗುಳ್ಳೆಯಾಗಿ ಹಿಗ್ಗುತ್ತದೆ. ನೀರೆಲ್ಲ ಹೊರಟುಹೋದಂತೆ ಗುಳ್ಳೆಯ ಗೋಡೆ ಒಣಗಿ ಅಲ್ಲೇ ಗಟ್ಟಿಯಾಗುತ್ತದೆ.

ಗಂಜಿ ಸಾಕಷ್ಟು ಅಂಟಾಗುವ ಮೊದಲೇ ಹಬೆ ಹೊರಬಿದ್ದರೆ ಫೋಮ್ ಕುಸಿಯುತ್ತದೆ. ಗೋಡೆ ಗಟ್ಟಿಯಾದ ಮೇಲೂ ಒಳಗೆ ಹಬೆ ಉಳಿದಿದ್ದರೆ ತುಂಡು ಬಿರಿಯುತ್ತದೆ. ಈ ಎರಡರ ನಡುವಿನ ಸಮಯವನ್ನು ಹಿಡಿಯುವುದೇ ಕಸುಬು.

ಅಡಿಕೆ ಹಾಳೆ ತಟ್ಟೆ, ಮುತ್ತುಗದ ಎಲೆ ಇರುವಾಗ ಇದೆಲ್ಲಾ ಯಾಕೆ?

ಊಟದ ತಟ್ಟೆ ಮಾತ್ರ ಬೇಕಿದ್ದರೆ ನಿಜಕ್ಕೂ ಬೇಡ. ಹಾಳೆಗೆ ಪಿಷ್ಟ, ಅಂಟು, ಲೇಪನ ಯಾವುದೂ ಬೇಕಿಲ್ಲ, ಒತ್ತಿದರೆ ತಟ್ಟೆ. ಆದರೆ ಹಾಳೆಯಿಂದ ಗಾಜಿನ ಶೀಸೆಯ ಮೈಗೆ ಸರಿಯಾಗಿ ಕೂರುವ ಮೆತ್ತೆ ಮಾಡಲಾಗದು. ಮಾವಿನಹಣ್ಣು ಒಂದೊಂದಾಗಿ ಕೂರುವ ಗುಳಿಗಳ ಟ್ರೇ, ದೀಪದ ಬಲ್ಬಿನ ಒಳಪೆಟ್ಟಿಗೆ, ಪಾರ್ಸೆಲ್‌ನ ಮೂಲೆಗೆ ಇಡುವ ತುಂಡು, ಇಂಥ ಆಕಾರಗಳಿಗೆ ಅಚ್ಚಿನಲ್ಲಿ ಹರಿದು ತುಂಬಿಕೊಳ್ಳುವ ವಸ್ತುವೇ ಬೇಕು. ಫೋಮ್ ಇರುವುದು ಆ ಕೆಲಸಕ್ಕೆ.

ಥರ್ಮಾಕೋಲ್ ಬ್ಯಾನ್ ಆಗಿದೆ ಅಲ್ವಾ? ಆದರೂ ಟಿವಿ ಪೆಟ್ಟಿಗೆಯಲ್ಲಿ ಬರ್ತಿದೆಯಲ್ಲ?

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಥರ್ಮಾಕೋಲ್‌ನಿಂದ ಮಾಡಿದ ಅಂಥ ವಸ್ತುಗಳನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಇದೆ. ಟಿವಿ, ಫ್ರಿಜ್ ಸುತ್ತ ಬರುವ ರಕ್ಷಣೆಯ ದಿಮ್ಮಿಗಳು ಆ ಪಟ್ಟಿಯಲ್ಲಿಲ್ಲ, ಅದಕ್ಕೇ ಇನ್ನೂ ಕಾಣುತ್ತೀರಿ.

ತಿನ್ನೋ ಪದಾರ್ಥದಲ್ಲಿ ಪ್ಯಾಕಿಂಗ್ ಮಾಡೋದು ಸರೀನಾ?

ಈ ಪ್ರಶ್ನೆ ಕೇಳಿದವರ ಬಗ್ಗೆ ನನಗೆ ಗೌರವವಿದೆ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಮರಗೆಣಸು, ಮೆಕ್ಕೆಜೋಳದ ಪಿಷ್ಟದಲ್ಲಿ ದೊಡ್ಡ ಪಾಲು ಈಗಾಗಲೇ ಬಟ್ಟೆಗೆ ಗಂಜಿ ಹಾಕಲು, ಕಾಗದಕ್ಕೆ, ರಟ್ಟಿನ ಪೆಟ್ಟಿಗೆಯ ಅಂಟಿಗೆ ಹೋಗುತ್ತಿದೆ ಎಂಬುದು ನಿಜ. ಆದರೂ ಮತ್ತಷ್ಟು ಬಳಸಲು ಅದೇ ಸಮರ್ಥನೆಯಾಗದು.

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ತಮಿಳುನಾಡಿನ ಸೇಲಂ ಸುತ್ತಲಿನ ಸಬ್ಬಕ್ಕಿ ಕಾರ್ಖಾನೆಗಳಲ್ಲಿ ಗೆಣಸು ಅರೆದು ಹಾಲು ಹಿಂಡಿದ ಮೇಲೆ ಉಳಿಯುವ ಚರಟಕ್ಕೆ ಅಲ್ಲಿಯವರು ತಿಪ್ಪಿ ಎನ್ನುತ್ತಾರೆ. ಅದರಲ್ಲಿ ಹಿಂಡಿದ ಮೇಲೂ ಅರ್ಧಕ್ಕಿಂತ ಹೆಚ್ಚು ಪಿಷ್ಟವೇ ಇರುತ್ತದೆ, ಉಳಿದದ್ದರಲ್ಲಿ ಬಹುಪಾಲು ನಾರು. ಅಂದರೆ ಪಿಷ್ಟವೂ, ಅದಕ್ಕೆ ಬಲ ಕೊಡಲು ಬೆರೆಸುವ ನಾರಿನ ಭರ್ತಿಯೂ ಒಂದೇ ಚೀಲದಲ್ಲಿ ಬಂದಂತಾಯಿತು. ಚಾಮರಾಜನಗರ, ಬೆಂಗಳೂರು ಕಡೆಯವರಿಗೆ ಸೇಲಂ ದೂರವೂ ಅಲ್ಲ. ಇದು ಸದ್ಯ ದನದ ಮೇವಿಗೂ ಹೋಗುತ್ತದೆ ಎಂಬುದನ್ನು ಮರೆಯದೆ ಲೆಕ್ಕ ಹಾಕಬೇಕು.

## ಸಾಮಗ್ರಿ

ಯಾವ ಪಿಷ್ಟ ತಗೋಬೇಕು? ಅಂಗಡಿಯ ಕಾರ್ನ್‌ಫ್ಲೋರ್ ನಡಿಯುತ್ತಾ? ಮೈದಾ ಆಗಲ್ವಾ?

ಪ್ರಯೋಗಕ್ಕೆ ಕಾರ್ನ್‌ಫ್ಲೋರ್ ಧಾರಾಳವಾಗಿ ನಡೆಯುತ್ತದೆ, ನಮ್ಮಲ್ಲಿ ಆ ಹೆಸರಲ್ಲಿ ಮಾರುವುದು ಮೆಕ್ಕೆಜೋಳದ ಪಿಷ್ಟವೇ. ಮೈದಾದಲ್ಲಿ ಪಿಷ್ಟದ ಜೊತೆ ಗ್ಲುಟನ್ ಇದೆ. ಅದು ಬೇಗ ಕಂದುಬಣ್ಣಕ್ಕೆ ತಿರುಗಿ ಅಚ್ಚಿಗೆ ಹಿಡಿಯುತ್ತದೆ, ಬೇಡ.

ಪಿಷ್ಟದಲ್ಲಿ ಎರಡು ಬಗೆಯ ಅಣುಗಳಿವೆ. ಅಮೈಲೋಸ್ ಉದ್ದನೆಯ ನೇರ ಎಳೆ, ಅಮೈಲೋಪೆಕ್ಟಿನ್ ಕವಲೊಡೆದದ್ದು. ಕವಲೊಡೆದದ್ದು ಹೆಚ್ಚಿದ್ದರೆ ಫೋಮ್ ಚೆನ್ನಾಗಿ ಹಿಗ್ಗಿ ಹಗುರಾಗುತ್ತದೆ. ನೇರ ಎಳೆ ಹೆಚ್ಚಿದ್ದರೆ ಹಿಗ್ಗುವುದು ಕಡಿಮೆ, ಗೋಡೆ ಬಿಗಿ. ಮರಗೆಣಸಿನ ಪಿಷ್ಟದಲ್ಲಿ ಅಮೈಲೋಸ್ ಸುಮಾರು ಶೇ 17ರಿಂದ 20, ಮೆಕ್ಕೆಜೋಳದಲ್ಲಿ ಶೇ 25ರ ಆಸುಪಾಸು. ಮರಗೆಣಸಿನದ್ದು ಬೆಳ್ಳಗೆ, ವಾಸನೆಯಿಲ್ಲದೆ, ಹಗುರಾಗಿ ಬರುತ್ತದೆ. ಎರಡೂ ಸಿಗುವುದಾದರೆ ನನ್ನ ಆಯ್ಕೆ ಮರಗೆಣಸು. ದಾವಣಗೆರೆ, ಹಾವೇರಿ ಕಡೆಯವರು ಮೆಕ್ಕೆಜೋಳ ಬಿಟ್ಟು ಅದನ್ನೇ ಹುಡುಕಿಕೊಂಡು ಹೋಗುವಷ್ಟು ವ್ಯತ್ಯಾಸವೇನೂ ಇಲ್ಲ.

ಬರೀ ಪಿಷ್ಟ ಸಾಲಲ್ವಾ? ಭರ್ತಿ ಯಾಕೆ?

ಬರೀ ಪಿಷ್ಟದ ತುಂಡು ನೋಡಲು ಚೆಂದ, ಕೈಯಲ್ಲಿ ಬಗ್ಗಿಸಿದರೆ ಚಟ್ಟೆಂದು ಮುರಿಯುತ್ತದೆ. ನಾರು ಸೇರಿಸಿದರೆ ಬಿರುಕು ಗೋಡೆಯಿಂದ ಗೋಡೆಗೆ ಓಡುವಾಗ ನಾರಿನ ಎಳೆ ಅದನ್ನು ಅಡ್ಡ ಹಿಡಿಯುತ್ತದೆ. ಪಿಷ್ಟವೂ ನಾರಿನ ಸೆಲ್ಯುಲೋಸೂ ಗ್ಲೂಕೋಸ್ ಸರಪಣಿಗಳೇ ಆದ್ದರಿಂದ ಒಂದಕ್ಕೊಂದು ಚೆನ್ನಾಗಿ ಹಿಡಿದುಕೊಳ್ಳುತ್ತವೆ, ಮಧ್ಯೆ ಬೇರೆ ಅಂಟು ಬೇಕಾಗುವುದಿಲ್ಲ. ಪಿಷ್ಟದ ಖರ್ಚು ಇಳಿಯುತ್ತದೆ ಎಂಬುದು ಎರಡನೆಯ ಲಾಭ.

ನಮ್ಮ ಕಡೆ ಅಡಿಕೆ ಸಿಪ್ಪೆ ರಾಶಿ ಬಿದ್ದಿದೆ. ಅದನ್ನೇ ಹಾಕಬಹುದಾ? ಬೇರೆ ಏನೇನು ಆಗುತ್ತೆ?

ಅಡಿಕೆ ಸಿಪ್ಪೆಯಿಂದಲೇ ಶುರುಮಾಡೋಣ, ಏಕೆಂದರೆ ಅದು ನಿಜವಾದ ತ್ಯಾಜ್ಯ. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಶಿವಮೊಗ್ಗ, ಚನ್ನಗಿರಿ, ಶಿರಸಿ ಕಡೆ ಸುಗ್ಗಿ ಮುಗಿದ ಮೇಲೆ ರಸ್ತೆಬದಿಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುವುದನ್ನು, ದಿನಗಟ್ಟಲೆ ಹೊಗೆಯಾಡುವುದನ್ನು ಯಾರು ಬೇಕಾದರೂ ನೋಡಬಹುದು. ನಾರು ಒಳ್ಳೆಯದು, ಪುಡಿ ಮಾಡಿದರೆ ಹಿಟ್ಟಿನಲ್ಲಿ ಚೆನ್ನಾಗಿ ಬೆರೆಯುತ್ತದೆ.

ಆದರೆ ಎರಡು ಎಚ್ಚರಿಕೆ. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಗೊನೆಗೆ ಬೋರ್ಡೊ ದ್ರಾವಣ ಹೊಡೆಯುತ್ತೇವೆ, ಅದರ ತಾಮ್ರ ಸಿಪ್ಪೆಯ ಮೇಲೆ ಉಳಿಯಬಹುದು. ಗೊಬ್ಬರವಾಗುವ ಪ್ಯಾಕಿಂಗ್‌ಗೆ ಯುರೋಪಿನ ಇಎನ್ 13432 ಮಾನದಂಡ ಇಟ್ಟಿರುವ ತಾಮ್ರದ ಮಿತಿ ಕಿಲೋಗೆ 50 ಮಿಲಿಗ್ರಾಂ. ರಫ್ತಿನ ಯೋಚನೆಯಿದ್ದರೆ ಸಿಪ್ಪೆಯನ್ನು ಮೊದಲೇ ಪರೀಕ್ಷೆ ಮಾಡಿಸಿ. ಎರಡನೆಯದು ಅಡಿಕೆಯ ಆಲ್ಕಲಾಯ್ಡ್, ಅಂದರೆ ಅದರಲ್ಲಿ ಸಹಜವಾಗಿಯೇ ಇರುವ, ದೇಹಕ್ಕೆ ಹಾನಿ ಮಾಡಬಲ್ಲ ರಾಸಾಯನಿಕ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳ ಬಗ್ಗೆ ಇದೇ ಆತಂಕ ಎತ್ತಿತು. ಹಾಳೆಗೇ ಹಾಗಾದರೆ ಕಾಯಿಯನ್ನು ಸುತ್ತಿಕೊಂಡಿದ್ದ ಸಿಪ್ಪೆಗೆ ಕೇಳುವುದೇ ಬೇಡ. ಅಡಿಕೆ ಸಿಪ್ಪೆಯನ್ನು ಆಹಾರ ತಾಗದ ಪ್ಯಾಕಿಂಗ್‌ಗೆ ಮಾತ್ರ ಇಟ್ಟುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ಕಬ್ಬಿನ ಸಿಪ್ಪೆಯ ನಾರು ಇದಕ್ಕಿಂತಲೂ ಹೊಂದಿಕೆಯಾಗುತ್ತದೆ. ಆದರೆ ಮಂಡ್ಯದ ಆಲೆಮನೆಯಲ್ಲಿ ಅದು ಒಲೆಗೆ ಉರುವಲು, ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್‌ಗೆ ಇಂಧನ. ಅದನ್ನು ತ್ಯಾಜ್ಯ ಎಂದು ಬರೆದುಕೊಂಡು ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ. ಸಿಕ್ಕರೆ ಬಿಸಿನೀರಲ್ಲಿ ತೊಳೆದು ಬಳಸಿ, ಉಳಿದ ಸಕ್ಕರೆ ಅಚ್ಚಿನಲ್ಲಿ ಸೀದು ಅಂಟುತ್ತದೆ.

ಭತ್ತದ ಹೊಟ್ಟು ಗಂಗಾವತಿ, ಸಿಂಧನೂರಿನ ಗಿರಣಿಗಳ ಹಿಂದೆ ಬೇಕಾದಷ್ಟಿದೆ. ಅದರಲ್ಲಿ ಸಿಲಿಕಾ ಹೇರಳ, ತೂಕದ ಶೇ 15ರಿಂದ 20. ಫೋಮ್ ಗಟ್ಟಿಯಾಗುತ್ತದೆ, ಗಿರಣಿಯ ಕಲ್ಲೂ ಅಷ್ಟೇ ಬೇಗ ಸವೆಯುತ್ತದೆ. ಹೊಟ್ಟಿನ ಬದಲು ತೌಡು ತರಬೇಡಿ. ತೌಡಿನಲ್ಲಿ ಎಣ್ಣೆಯಂಶವಿದೆ, ಎಣ್ಣೆ ಸೇರಿದರೆ ಫೋಮ್ ಹಿಗ್ಗುವುದಿಲ್ಲ.

ಮೆಕ್ಕೆಜೋಳದ ದಿಂಡು ಹಗುರ, ಬಣ್ಣವೂ ತಿಳಿ. ಪಿಷ್ಟ ಮತ್ತು ದಿಂಡು ಎರಡೂ ಒಂದೇ ಬೆಳೆಯಿಂದ ಬರುವ ದಾವಣಗೆರೆಯಂಥ ಕಡೆ ಇದನ್ನೇ ಮೊದಲು ನೋಡಬೇಕು. ತಿಪಟೂರು, ಅರಸೀಕೆರೆಯ ತೆಂಗಿನ ನಾರು ಗಟ್ಟಿ. ಆದರೆ ನಾರು ಬಿಡಿಸುವಾಗ ಉದುರುವ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಕುಡಿದು ಹಿಟ್ಟನ್ನು ಬಿಗಿಮಾಡಿಬಿಡುತ್ತದೆ. ಶೇಂಗಾ ಸಿಪ್ಪೆಯೂ ಆಗುತ್ತದೆ. ಬೂಷ್ಟು ಹಿಡಿದ ರಾಶಿಯಿಂದ ಮಾತ್ರ ತರಬೇಡಿ, ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷದ ಭಯ.

ಗೋಡಂಬಿ ಸಿಪ್ಪೆ ಬಳಸಬಹುದಾ?

ಬೇಡ. ಅದರ ಎಣ್ಣೆ ಚರ್ಮವನ್ನು ಸುಡುತ್ತದೆ.

## ಮಾಡುವ ವಿಧಾನ

ಮನೆಯಲ್ಲೇ ಒಂದು ತುಂಡು ಮಾಡಿ ನೋಡಬೇಕು. ಅಳತೆ ಹೇಳಿ.

ಮರಗೆಣಸಿನ ಪಿಷ್ಟ ಅಥವಾ ಕಾರ್ನ್‌ಫ್ಲೋರ್ 100 ಗ್ರಾಂ, ಒಣಗಿಸಿ ಪುಡಿಮಾಡಿ ಮೈದಾ ಜರಡಿಯಲ್ಲಿ ಸೋಸಿದ ನಾರಿನ ಪುಡಿ 10 ಗ್ರಾಂ, ಗೋರಿಕಾಯಿ ಜಾತಿಯ ಬೀಜದಿಂದ ಬರುವ ಗ್ವಾರ್ ಗಮ್ 1 ಗ್ರಾಂ, ಮೆಗ್ನೀಸಿಯಂ ಸ್ಟಿಯರೇಟ್ 2 ಗ್ರಾಂ, ನೀರು 110 ಮಿಲಿಲೀಟರ್. ನಾರು ಒಂದೊಂದೂ ಒಂದೊಂದು ರೀತಿ ನೀರು ಕುಡಿಯುವುದರಿಂದ ಇನ್ನೂ 10-20 ಮಿಲಿಲೀಟರ್ ಬೇಕಾಗಬಹುದು.

ಗ್ವಾರ್ ಗಮ್ಮನ್ನು ಒಣ ಪಿಷ್ಟದಲ್ಲೇ ಬೆರೆಸಿ. ನೀರಿಗೆ ನೇರ ಹಾಕಿದರೆ ಗಂಟುಕಟ್ಟುತ್ತದೆ. ಅದರ ಕೆಲಸ ಇಷ್ಟೇ: ಹಸಿ ಪಿಷ್ಟ ಪಾತ್ರೆಯ ತಳಕ್ಕೆ ಇಳಿದು ಕಲ್ಲಾಗದಂತೆ ತೇಲಿಸಿ ಹಿಡಿಯುವುದು. ಮೆಗ್ನೀಸಿಯಂ ಸ್ಟಿಯರೇಟ್ ತುಂಡನ್ನು ಅಚ್ಚಿನಿಂದ ಬಿಡಿಸುತ್ತದೆ. ನಾರಿನ ಪುಡಿಯನ್ನು ಅಳೆದಿಟ್ಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಪಿಷ್ಟ ಸೇರಿಸಿ ಕಲಕಿ. ಸೌಟಿನಿಂದ ಎತ್ತಿ ಬಿಟ್ಟರೆ ಹಿಟ್ಟು ಕಡಿಯದೆ ದಪ್ಪ ಧಾರೆಯಾಗಿ ಇಳಿಯಬೇಕು.

ಮನೆಯ ಪ್ರಯೋಗಕ್ಕೆ ಎಲೆಕ್ಟ್ರಿಕ್ ವಾಫಲ್ ಮೇಕರ್ ಸಾಕು. ಚೆನ್ನಾಗಿ ಕಾಯಿಸಿ, ಒಳಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಮಾತ್ರ ಹಿಟ್ಟು ಸುರಿದು ಮುಚ್ಚಿ. ಈಗ ಅಂಚಿನಿಂದ ಹಬೆ ಸುಯ್ಯೆಂದು ನುಗ್ಗುತ್ತದೆ, ಅಲ್ಲಲ್ಲಿ ಹಿಟ್ಟಿನ ಬಿಳಿ ಎಳೆಗಳೂ ಹೊರಬಂದು ಒಣಗಿ ನಿಲ್ಲುತ್ತವೆ. ಕೈ, ಮುಖ ದೂರವಿರಲಿ. ಈ ಹಬೆ ಚರ್ಮ ಸುಲಿಯುತ್ತದೆ. ಸದ್ದು ಪೂರ್ತಿ ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಗಡಿಯಾರಕ್ಕಿಂತ ಕಿವಿಯನ್ನೇ ನಂಬಿ: ತೆಳು ತುಂಡಿಗೆ ಒಂದೂವರೆ ನಿಮಿಷವಾದರೆ ದಪ್ಪದ್ದಕ್ಕೆ ಮೂರು ನಿಮಿಷವೂ ಆಗಬಹುದು.

ತಣಿದ ತುಂಡನ್ನು ಮುರಿದು ಅಡ್ಡಸೀಳು ನೋಡಿ. ಹೊರಗೆ ಎರಡೂ ಕಡೆ ತೆಳ್ಳಗಿನ ಬಿಗಿ ಪದರ, ಅದರ ಒಳಗೆ ಸಣ್ಣ ಗೂಡುಗಳು, ನಟ್ಟನಡುವೆ ಹಬೆ ಓಡಿದ ದೊಡ್ಡ ಗೂಡುಗಳು. ಹೊರಪದರವೇ ಬಾಗುವ ಬಲವನ್ನು ಹೊರುತ್ತದೆ. ನಡುವಿನ ಗೂಡುಗಳು ಒಂದಕ್ಕೊಂದು ಸೇರಿ ದೊಡ್ಡ ಟೊಳ್ಳಾಗಿದ್ದರೆ ಹಿಟ್ಟು ನೀರಾಗಿದೆ ಎಂದೇ ಅರ್ಥ.

ನಮ್ಮ ಹತ್ರ ಹಾಳೆ ತಟ್ಟೆ ಮಷೀನ್ ಇದೆ. ಅದರಲ್ಲೇ ಮಾಡಬಹುದಾ?

ಒತ್ತುವ ಚೌಕಟ್ಟು, ಹೈಡ್ರಾಲಿಕ್ ಜಾಕ್, ಹೀಟರ್ ಇವು ಉಪಯೋಗಕ್ಕೆ ಬರುತ್ತವೆ. ಅಚ್ಚು ಬರುವುದಿಲ್ಲ. ಹಾಳೆ ತಟ್ಟೆಯ ಮೇಲಚ್ಚು ಕೆಳಅಚ್ಚುಗಳು ಹಾಳೆಯನ್ನು ಕಚ್ಚಿ ಕೂರುತ್ತವೆ. ಫೋಮ್‌ಗೆ ಎರಡರ ನಡುವೆ 2ರಿಂದ 4 ಮಿಲಿಮೀಟರ್ ಖಾಲಿ ಜಾಗ ಖಾಯಂ ಇರಬೇಕು, ಸುತ್ತಲೂ ಹಬೆ ಹೋಗಲು ಸಣ್ಣ ಸಂದುಗಳಿರಬೇಕು. ಸಂದಿಲ್ಲದ ಅಚ್ಚಿನಲ್ಲಿ ಹಿಟ್ಟು ಹಾಕಿ ಬಿಗಿದರೆ ಹಬೆಯ ಒತ್ತಡ ಅಚ್ಚನ್ನೇ ಎತ್ತಿ ಎಸೆಯಬಲ್ಲದು. ದಯವಿಟ್ಟು ಈ ಪ್ರಯೋಗ ಮಾಡಬೇಡಿ. ಹೊಸ ಅಲ್ಯೂಮಿನಿಯಂ ಅಚ್ಚನ್ನು ಲೇತ್ ಕೆಲಸದವರಿಂದ ಮಾಡಿಸಿ, ಹೀಟರ್ 180ರಿಂದ 220 ಡಿಗ್ರಿವರೆಗೆ ಸ್ಥಿರವಾಗಿ ಹಿಡಿಯುತ್ತದೆಯೇ ನೋಡಿ. ಮೇಲೆ ಕೆಳಗೆ ಎರಡೂ ಕಡೆ ಒಂದೇ ಬಿಸಿ ಇರಬೇಕು.

ಅಂಚು ಕಪ್ಪಾಗುತ್ತೆ, ನಡು ಹಸಿ ಇರುತ್ತೆ. ತೆಗೆಯುವಾಗ ಎರಡು ಪದರವಾಗಿ ಸೀಳುತ್ತೆ.

ಎರಡೂ ಒಂದೇ ಕಾಯಿಲೆ: ಬಿಸಿ ಹೆಚ್ಚು, ಸಮಯ ಕಡಿಮೆ. ಬಿಸಿಯನ್ನು 10-15 ಡಿಗ್ರಿ ಇಳಿಸಿ, ಸಮಯ ಹೆಚ್ಚಿಸಿ. ಒಳಗೆ ಹಬೆ ಉಳಿದಿರುವಾಗಲೇ ಅಚ್ಚು ತೆರೆದರೆ ಮೆತ್ತಗಿನ ನಡುಭಾಗ ಬಿರಿದು ತುಂಡು ಎರಡಾಗುತ್ತದೆ. ಬಿಸಿ ಸರಿಯಿದ್ದೂ ಹೀಗಾಗುತ್ತಿದ್ದರೆ ಹಬೆಯ ಸಂದುಗಳಲ್ಲಿ ಒಣಗಿದ ಪಿಷ್ಟ ಕಟ್ಟಿಕೊಂಡಿದೆ, ಹಿತ್ತಾಳೆಯ ಬ್ರಷ್‌ನಲ್ಲಿ ತೆಗೆಯಿರಿ.

ತುಂಡಿನ ಒಂದು ಮೂಲೆ ಮಾತ್ರ ತುಂಬದೆ ಉಳಿದರೆ ಹಿಟ್ಟು ಗಟ್ಟಿಯಾಗಿದೆ ಅಥವಾ ನಾರಿನ ಎಳೆ ಉದ್ದವಾಗಿದೆ. ಉದ್ದದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಿಟ್ಟು ಹರಿಯಲು ಬಿಡುವುದಿಲ್ಲ.

ಭರ್ತಿ ಅರ್ಧಕ್ಕರ್ಧ ಹಾಕಿದರೆ ಇನ್ನೂ ಅಗ್ಗ ಆಗಲ್ವಾ?

ಅಗ್ಗವಾಗುತ್ತದೆ, ಫೋಮ್ ಆಗುವುದಿಲ್ಲ. ಗುಳ್ಳೆಯ ಗೋಡೆ ಹಿಗ್ಗಬೇಕಾದರೆ ಪಿಷ್ಟದ ಪದರ ತುಂಡಾಗದೆ ಉಳಿಯಬೇಕು. ಪುಡಿಯ ಕಣಗಳು ಹೆಚ್ಚಾದಷ್ಟೂ ಗೋಡೆಯಲ್ಲಿ ತೂತು ಬಿದ್ದು ಹಬೆ ಸೋರಿಹೋಗುತ್ತದೆ, ತುಂಡು ಭಾರವಾಗಿ ಹಲಗೆಯಾಗುತ್ತದೆ. ಪಿಷ್ಟದ ತೂಕದ ಶೇ 5ರಿಂದ 15 ನೆಮ್ಮದಿಯ ಜಾಗ. ಶೇ 20 ದಾಟಿದ ಮೇಲೆ ಪ್ರತಿ ಹೆಜ್ಜೆಗೂ ನೀರು ಹೆಚ್ಚು ಬೇಕು, ನೀರು ಹೆಚ್ಚಿದಂತೆ ಬೇಯುವ ಸಮಯವೂ ಕರೆಂಟೂ ಹೆಚ್ಚು. ತಿಪ್ಪಿಯ ಮಾತು ಬೇರೆ, ಅದರೊಳಗೇ ಪಿಷ್ಟವಿರುವುದರಿಂದ ಇದಕ್ಕಿಂತ ಹೆಚ್ಚು ತಡೆಯುತ್ತದೆ.

## ನೀರು, ತೇವ, ಬಾಳಿಕೆ

ಅಚ್ಚಿನಿಂದ ತೆಗೆದ ಕೂಡಲೇ ಮುರಿಯುತ್ತೆ. ಕೆಲವು ಸಲ ತಿಂಗಳಾದ ಮೇಲೆ ಮುರಿಯುತ್ತೆ. ಯಾಕೆ?

ಎರಡಕ್ಕೂ ಕಾರಣ ಬೇರೆ. ಅಚ್ಚಿನಿಂದ ಬಂದ ತುಂಡಿನಲ್ಲಿ ತೇವ ಶೇ 2-4 ಅಷ್ಟೇ, ಅಷ್ಟು ಒಣಗಿದ ಪಿಷ್ಟ ಗಾಜಿಗಿಂತ ಬೇರೆಯಲ್ಲ. ಅದನ್ನು ಒಂದೆರಡು ದಿನ ಸಾಧಾರಣ ತೇವದ ಕೋಣೆಯಲ್ಲಿ, ಅಂದರೆ ಗಾಳಿಯ ಆರ್ದ್ರತೆ ಶೇ 50-60 ಇರುವಲ್ಲಿ, ಬಿಡಿಬಿಡಿಯಾಗಿ ಹರಡಿ. ತೇವ ಶೇ 8-10ಕ್ಕೆ ಏರಿದರೆ ತುಂಡು ಒಂದಿಷ್ಟು ಬಾಗುವ ಗುಣ ಪಡೆಯುತ್ತದೆ. ಪ್ಯಾಕ್ ಮಾಡುವುದು ಆಮೇಲೆ.

ತಿಂಗಳಾದ ಮೇಲಿನ ಬಿರುಸಿಗೆ ಕಾರಣ ಪಿಷ್ಟದ ಅಣುಗಳು ನಿಧಾನವಾಗಿ ಮತ್ತೆ ಸಾಲುಗೂಡಿ ಹರಳುಗಟ್ಟುವುದು. ಇದಕ್ಕೆ ಗ್ಲಿಸರಾಲ್ ಹಾಕುವವರಿದ್ದಾರೆ. ಶೇ 5ರಷ್ಟು ಹಾಕಿದರೆ ಮೆದುವಾಗುವುದು ನಿಜ, ಆದರೆ ಗ್ಲಿಸರಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಲಬುರಗಿಯ ಬೇಸಿಗೆಗೆ ಹಿತವಾಗುವ ಮಿಶ್ರಣ ಮಂಗಳೂರಿನ ಜುಲೈ ತಿಂಗಳಲ್ಲಿ ಜೋಲುಬೀಳುತ್ತದೆ. ಮಾಲು ಯಾವ ಊರಿಗೆ ಹೋಗುತ್ತದೆ ಎಂಬುದನ್ನು ನೋಡಿ ಅಳತೆ ಕಟ್ಟಬೇಕು. ಬಾಳಿಕೆಗೆ ನಾರನ್ನು ನಂಬುವುದು ಗ್ಲಿಸರಾಲ್ ನಂಬುವುದಕ್ಕಿಂತ ಕ್ಷೇಮ.

ಸಾಂಬಾರ್ ಹಾಕಿದರೆ ತಡೆಯುತ್ತಾ?

ಲೇಪನವಿಲ್ಲದೆ ತಡೆಯುವುದಿಲ್ಲ, ಬಿಸಿ ಸಾಂಬಾರಿಗೆ ನಿಮಿಷಗಳಲ್ಲಿ ಸೋಲುತ್ತದೆ. ಜೇನುಮೇಣ ಬಿಸಿ ಪದಾರ್ಥಕ್ಕೆ ಕರಗುತ್ತದೆ, ಅದು ಕರಗುವುದೇ 62-65 ಡಿಗ್ರಿಯಲ್ಲಿ. ಅರಗಿನ ಲೇಪ ತಣ್ಣಗಿನದಕ್ಕೆ ಆದೀತು. ಪಿಎಲ್‌ಎ ಎಂಬ ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ಕಿನ ಲೇಪನ ನೀರನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೆ ಪಿಷ್ಟದ ಮೇಲೆ ಗಟ್ಟಿಯಾಗಿ ಕೂರದೆ ಸುಲಿಯುವುದುಂಟು. ಸುಮಾರು 60 ಡಿಗ್ರಿ ದಾಟಿದರೆ ಅದೂ ಮೆತ್ತಗಾಗುತ್ತದೆ. ಇಷ್ಟೆಲ್ಲ ಮಾಡಿ ದ್ರವ ಊಟದ ಬಟ್ಟಲನ್ನೇ ಮಾಡಬೇಕೆಂಬ ಹಟ ಯಾಕೆ ಎಂದು ಕೇಳಿಕೊಳ್ಳಿ. ಒಣ ಸಾಮಾನಿನ ಪ್ಯಾಕಿಂಗ್‌ನಲ್ಲಿ ಇದೇ ವಸ್ತು ಲೇಪನವಿಲ್ಲದೆ ತಲೆ ಎತ್ತಿ ನಿಲ್ಲುತ್ತದೆ.

ಗೋದಾಮಿನಲ್ಲಿ ಇಲಿ, ಹುಳ, ಬೂಷ್ಟು ಬರುತ್ತೆ ಅಂತ ಅಂಗಡಿಯವರು ತಗೊಳ್ಳಲ್ಲ.

ಅವರ ಮಾತಿನಲ್ಲಿ ಹುರುಳಿದೆ. ಇದು ಆಹಾರವೇ ಆದ್ದರಿಂದ ಅಕ್ಕಿ ಮೂಟೆಗೆ ಕೊಡುವ ಜಾಗವನ್ನೇ ಇದಕ್ಕೂ ಕೊಡಬೇಕು: ನೆಲದಿಂದ ಎತ್ತರದ ಮರದ ಹಲಗೆ, ಗಾಳಿಯಾಡುವ ಗೋದಾಮು, ಮಳೆಗಾಲದಲ್ಲಿ ಮುಚ್ಚಿದ ಚೀಲ. ಒಂದು ವರ್ಷದ ದಾಸ್ತಾನು ಮಾಡಿಟ್ಟುಕೊಳ್ಳುವ ವಸ್ತು ಇದಲ್ಲ. ಬೇಡಿಕೆ ಬಂದಂತೆ ಮಾಡಿ, ಒಂದೆರಡು ತಿಂಗಳಲ್ಲಿ ಖರ್ಚಾಗುವಷ್ಟು ಮಾತ್ರ ಕೊಡಿ. ಕೀಟನಾಶಕ ಬೆರೆಸುವ ಯೋಚನೆಯನ್ನು ಬಿಟ್ಟುಬಿಡಿ, ಗೊಬ್ಬರವಾಗುವ ವಸ್ತುವಿಗೆ ವಿಷ ಸೇರಿಸಿದರೆ ಮಾಡಿದ ಶ್ರಮವೆಲ್ಲ ವ್ಯರ್ಥ.

## ಮುಂದುವರಿದವರಿಗೆ

ನಾರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಬೇಕು ಅಂತ ಓದಿದೆ. ಅಗತ್ಯವಾ?

ಸಂಶೋಧನಾ ಪ್ರಬಂಧಗಳಲ್ಲಿ ಶೇ 2-5ರ ದ್ರಾವಣದಲ್ಲಿ ಸಂಸ್ಕರಿಸಿದ ನಾರು ಹೆಚ್ಚು ಬಲ ಕೊಡುತ್ತದೆ ಎಂದಿರುತ್ತದೆ. ನಾರನ್ನು ಬಿಗಿಯಾಗಿ ಹಿಡಿದಿರುವ ಲಿಗ್ನಿನ್ ಎಂಬ ಗಟ್ಟಿ ಅಂಶ, ಮೇಣ ಹೋಗಿ ನಾರಿನ ಮೈ ಒರಟಾಗುವುದರಿಂದ ಪಿಷ್ಟ ಚೆನ್ನಾಗಿ ಹಿಡಿಯುತ್ತದೆ. ಆದರೆ ತೊಳೆದ ಕಪ್ಪು ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪ್ರಬಂಧ ಹೇಳುವುದಿಲ್ಲ. ಅದನ್ನು ತೋಡಿಗೆ ಬಿಟ್ಟರೆ ಥರ್ಮಾಕೋಲ್ ತಪ್ಪಿಸಿದ ಪುಣ್ಯ ಅಲ್ಲೇ ತೀರಿತು. ಸಣ್ಣ ಘಟಕಕ್ಕೆ ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ನುಣ್ಣಗೆ ಸೋಸಿದರೆ ಸಾಕು.

ಎಕ್ಸ್‌ಟ್ರೂಡರ್ ಒಳ್ಳೇದಾ, ಅಚ್ಚಿನಲ್ಲಿ ಬೇಯಿಸೋದು ಒಳ್ಳೇದಾ?

ಎಕ್ಸ್‌ಟ್ರೂಡರ್ ಎಂದರೆ ಹಿಟ್ಟನ್ನು ತಿರುಪಿನಿಂದ ಒತ್ತಿ ಸಣ್ಣ ಬಾಯಿಯಿಂದ ಹೊರದಬ್ಬುವ ಯಂತ್ರ. ಅದರಲ್ಲಿ ಪಿಷ್ಟ ಶೇ 15-20ರಷ್ಟು ತೇವದಲ್ಲೇ ಒತ್ತಡದಡಿ ಕರಗಿ, ಬಾಯಿಯಿಂದ ಹೊರಬಂದ ಕ್ಷಣ ಹಿಗ್ಗುತ್ತದೆ. ಆವಿಯಾಗಿಸಬೇಕಾದ ನೀರು ಕಡಿಮೆ, ಉತ್ಪಾದನೆ ಸತತ, ಫೋಮ್ ತುಂಬ ಹಗುರ. ಆದರೆ ಬರುವುದು ಕೊಳವೆ, ಪಟ್ಟಿ, ಹಾಳೆಯಂಥ ಆಕಾರಗಳು ಮಾತ್ರ. ಕುರ್ಕುರೆ ಬಗೆಯ ತಿಂಡಿ ಮಾಡುವ ಯಂತ್ರ ಇರುವವರಿಗೆ ಇದು ಪರಿಚಿತ ಹಾದಿ.

ಅಚ್ಚಿನ ವಿಧಾನದಲ್ಲಿ ಬೇಕಾದ ಆಕಾರ ಸಿಗುತ್ತದೆ, ಬೆಲೆ ಕರೆಂಟಿನಲ್ಲಿ ತೆರಬೇಕು. ಒಂದು ಕಿಲೋ ನೀರನ್ನು ಕಾಯಿಸಿ ಆವಿಯಾಗಿಸಲು ಕನಿಷ್ಠ 0.7 ಯೂನಿಟ್ ಬೇಕು. ಮೇಲಿನ ಅಳತೆಯಲ್ಲಿ ಪ್ರತಿ ಕಿಲೋ ಒಣ ಪದಾರ್ಥಕ್ಕೆ ಒಂದು ಕಿಲೋ ನೀರು ಹಾರುತ್ತದೆ, ಅಚ್ಚಿನಿಂದ ಸೋರುವ ಬಿಸಿ ಬೇರೆ. ಎರಡು ನಿಮಿಷಕ್ಕೊಂದರಂತೆ ಒಂದು ಅಚ್ಚಿನಿಂದ ಗಂಟೆಗೆ 30 ತುಂಡು. ಈ ಲೆಕ್ಕ ಕಾಗದದ ಮೇಲೆ ಹಾಕದೆ ಯಂತ್ರಕ್ಕೆ ಮುಂಗಡ ಕೊಡಬೇಡಿ.

ಥರ್ಮಾಕೋಲ್‌ಗಿಂತ ಎಷ್ಟು ಭಾರ? ಮೀನಿನ ಪೆಟ್ಟಿಗೆ ಮಾಡಬಹುದಾ?

ಪ್ಯಾಕಿಂಗ್ ಥರ್ಮಾಕೋಲ್ ಲೀಟರ್ ಗಾತ್ರಕ್ಕೆ 15ರಿಂದ 30 ಗ್ರಾಂ ತೂಗುತ್ತದೆ. ಅಚ್ಚಿನಲ್ಲಿ ಬೇಯಿಸಿದ ಪಿಷ್ಟದ ಫೋಮ್ 100ರಿಂದ 250 ಗ್ರಾಂ. ಆದ್ದರಿಂದ ದಪ್ಪ ದಿಮ್ಮಿಯ ಬದಲು ತೆಳುಗೋಡೆಯ, ಏಣುಗಳಿರುವ ಆಕಾರ ಯೋಚಿಸಬೇಕು. ಬಲ ಆಕಾರದಿಂದ ಬರಬೇಕು, ದಪ್ಪದಿಂದಲ್ಲ.

ಮೀನಿನ ಪೆಟ್ಟಿಗೆ ಆಗದು. ಐಸು, ಉಪ್ಪುನೀರು, ಬಂದರಿನ ಗಾಳಿ, ಮೂರೂ ಇದರ ವೈರಿಗಳು. ಅಮೆರಿಕದಲ್ಲಿ ಗ್ರೀನ್ ಸೆಲ್ ಫೋಮ್ ಎಂಬ ಮೆಕ್ಕೆಜೋಳ ಪಿಷ್ಟದ ಹಾಳೆಯನ್ನು ತಣ್ಣಗಿನ ಪಾರ್ಸೆಲ್‌ಗಳಿಗೆ ಬಳಸುತ್ತಾರೆ. ಆದರೆ ಅದನ್ನು ತೇವ ತಾಗದಂತೆ ಫಿಲ್ಮ್‌ನಲ್ಲಿ ಸುತ್ತಿರುತ್ತಾರೆ.

ನಿಜವಾಗಿ ಕೊಳೆಯುತ್ತಾ? ಸರ್ಟಿಫಿಕೇಟ್ ಬೇಕಾ?

ಲೇಪನವಿಲ್ಲದ ತುಂಡನ್ನು ತೇವದ ಮಣ್ಣಿನಲ್ಲಿ ಹೂತರೆ ಪಿಷ್ಟ ಕೆಲವೇ ವಾರಗಳಲ್ಲಿ ಸೂಕ್ಷ್ಮಜೀವಿಗಳ ಪಾಲಾಗುತ್ತದೆ. ಲಿಗ್ನಿನ್ ಹೆಚ್ಚಿರುವ ತೆಂಗಿನ ನಾರು ಹೆಚ್ಚು ಕಾಲ ಉಳಿಯುತ್ತದೆ, ಅದು ದೋಷವಲ್ಲ. ಪಿಎಲ್‌ಎ ಲೇಪಿಸಿದ್ದರೆ ಮಾತ್ರ ಹಿತ್ತಲ ಗುಂಡಿ ಸಾಲದು. ಅದಕ್ಕೆ 58 ಡಿಗ್ರಿ ಆಸುಪಾಸಿನ ಬಿಸಿ ಹಿಡಿಯುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು. ಕಸದ ಬೆಟ್ಟದಡಿ ಗಾಳಿಯಿಲ್ಲದೆ ಸಿಕ್ಕಿಕೊಂಡರೆ ಪಿಷ್ಟವೂ ಮೀಥೇನ್ ಆಗುತ್ತದೆ, ಹಸಿಕಸದ ಜೊತೆ ಹಾಕಿ ಎಂದು ಪೆಟ್ಟಿಗೆಯ ಮೇಲೆ ಕನ್ನಡದಲ್ಲೇ ಮುದ್ರಿಸಿ.

ಪಿಎಲ್‌ಎಯಂಥ ಕಾಂಪೋಸ್ಟಬಲ್ ಪ್ಲಾಸ್ಟಿಕ್ ಸೇರಿದ್ದರೆ ಐಎಸ್ 17088 ಎಂಬ ಭಾರತೀಯ ಮಾನದಂಡದ ಪರೀಕ್ಷೆ ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಆಹಾರ ತಾಗುವ ವಸ್ತುವಾದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮಗಳೂ ಅನ್ವಯಿಸುತ್ತವೆ.

ಇದನ್ನು ಉದ್ಯೋಗ ಮಾಡಿಕೊಳ್ಳಬಹುದಾ? ದೊಡ್ಡ ಕಂಪನಿಗಳೇ ಯಾಕೆ ಮಾಡ್ತಿಲ್ಲ?

ಮಾಡಿದವು, ಕೆಲವು ಸೋತವು. ಅಮೆರಿಕದ ಅರ್ಥ್‌ಶೆಲ್ ಕಂಪನಿ ಪಿಷ್ಟ, ಸುಣ್ಣಕಲ್ಲಿನ ಪುಡಿ, ನಾರು ಸೇರಿಸಿ ಬರ್ಗರ್ ಡಬ್ಬಿ ಮಾಡಿತು. 2001ರಲ್ಲಿ ಮೆಕ್‌ಡೊನಾಲ್ಡ್ಸ್ ಅದನ್ನು ಷಿಕಾಗೋ ಕಡೆಯ ಮಳಿಗೆಗಳಲ್ಲಿ ಪ್ರಯೋಗಕ್ಕೆ ಬಳಸಿತು. 2007ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ನಾನು ಇದನ್ನು ಹೀಗೆ ಓದುತ್ತೇನೆ: ಬಿಸಿ, ಎಣ್ಣೆ, ತೇವ ಮೂರೂ ಇರುವ ಅತಿ ಕಷ್ಟದ ಕೆಲಸವನ್ನು, ಪೈಸೆಗೆ ಪೈಸೆ ಲೆಕ್ಕವಿರುವ ಮಾರುಕಟ್ಟೆಯಲ್ಲಿ ಮೊದಲ ಹೆಜ್ಜೆಗೇ ಎತ್ತಿಕೊಂಡದ್ದು ಭಾರವಾಯಿತು. ಒಣ ಎಲೆಕ್ಟ್ರಾನಿಕ್ ಸಾಮಾನನ್ನು ಆರಿಸಿಕೊಂಡ ಪೇಪರ್‌ಫೋಮ್ ಉಳಿದುಕೊಂಡಿತು.

ನಮ್ಮಲ್ಲಿ ಶುರುಮಾಡುವವರು ಹತ್ತಿರದಲ್ಲೇ ಒಬ್ಬ ಗಿರಾಕಿಯನ್ನು, ಒಂದೇ ಆಕಾರವನ್ನು ಹಿಡಿಯಲಿ. ಚನ್ನಪಟ್ಟಣದ ಬೊಂಬೆ, ಜೇನಿನ ಶೀಸೆ, ಗಂಧದೆಣ್ಣೆಯ ಶೀಸೆ, ಮಣ್ಣಿನ ಹಣತೆ, ಇವೆಲ್ಲ ಒಣ ಸಾಮಾನು, ಒಡೆಯುವ ಅಥವಾ ಗೀರು ಬೀಳುವ ಭಯವುಳ್ಳವು, ಒಂದೆರಡು ವಾರದಲ್ಲಿ ಗಿರಾಕಿಯ ಮನೆ ಸೇರುವಂಥವು. ನಾಲ್ಕು ಗೂಡಿನ ಒಂದು ಅಚ್ಚು, ತಾಲ್ಲೂಕಿನಲ್ಲೇ ಸಿಗುವ ಒಂದು ನಾರು, ಒಂದು ಮಳೆಗಾಲ ಪೂರ್ತಿ ಆ ಗಿರಾಕಿಯ ಗೋದಾಮಿನಲ್ಲಿ ಇಟ್ಟು ನೋಡಿದ ಮಾದರಿ, ಇಷ್ಟು ಕೈಯಲ್ಲಿದ್ದ ಮೇಲೆ ಬ್ಯಾಂಕಿಗೆ ಹೋಗಿ.